ಮಾಡದ ಪಾಠ

ಕನ್ನಡದಲ್ಲಿ 'ಓದು' ಎನ್ನುವ ಒಂದೇ ಪದವನ್ನು ನಾವು ಎಷ್ಟು ಕೆಲಸಕ್ಕೆ ದುಡಿಸುತ್ತೇವೆ ನೋಡಿ. ಪುಸ್ತಕ ಹಿಡಿದು ಓದುವುದೂ ಓದು, ಬಿ.ಎ. ಮಾಡುವುದೂ ಓದು, ಪರೀಕ್ಷೆಯ ಹಿಂದಿನ ದಿನ ಗೋಡೆ ನೋಡುತ್ತಾ ಗೊಣಗುವುದೂ ಓದೇ. 'ನಿಮ್ಮ ಮಗ ಏನು ಓದ್ತಿದಾನೆ?' ಎಂದು ಕೇಳಿದರೆ ಯಾವ ತಾಯಿಯೂ ಪುಸ್ತಕದ ಹೆಸರು ಹೇಳುವುದಿಲ್ಲ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದು ನಾನೂ ಅಂದುಕೊಂಡಿದ್ದೆ, ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೆ ಟೀಚರಾಗಿ ಹೋಗುವ ತನಕ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಮನೆ ಯಡಿಯೂರಿನಲ್ಲಿ, ಶಾಲೆ ಬಿಟಿಎಂ ಲೇಔಟಿನ ಒಂದು ಅಂಚಿನಲ್ಲಿ. ಆಗ ಅಲ್ಲಿ ಎತ್ತ ನೋಡಿದರೂ ಅರ್ಧ ಎದ್ದ ಮನೆಗಳು, ರಸ್ತೆಗೇ ಸುರಿದ ಜಲ್ಲಿ, ಮಳೆ ಬಂದರೆ ಕೊಚ್ಚೆ. ಶಾಲೆ ಮಾತ್ರ ಲೇಔಟಿಗಿಂತ ಹಳೆಯದು, ಮೊದಲಿದ್ದ ಹಳ್ಳಿಯದು. ಹಳ್ಳಿಯ ಗೌಡರು ಹೊಲವನ್ನು ಸೈಟು ಮಾಡಿ ಮಾರಿ, ಉಳಿದದ್ದರಲ್ಲಿ ಬಾಡಿಗೆ ಮನೆ ಕಟ್ಟಿಸಿ, ಮೊಮ್ಮಕ್ಕಳನ್ನು ವ್ಯಾನಿನಲ್ಲಿ ಕಾನ್ವೆಂಟಿಗೆ ಕಳಿಸುತ್ತಿದ್ದರು. ನಮಗೆ ಉಳಿದವರು ಆ ಮನೆಗಳನ್ನು ಕಟ್ಟುವವರ, ಕಾಯುವವರ ಮಕ್ಕಳು. ವರ್ಷ ವರ್ಷವೂ ಮಕ್ಕಳ ಸಂಖ್ಯೆ ಇಳಿಯುತ್ತಿತ್ತು, ಎಲ್ಲಿ ಶಾಲೆಗೆ ಬೀಗ ಬೀಳುತ್ತದೋ ಎಂಬ ಭಯ ನಮ್ಮ ಎಚ್.ಎಂ. ಮೇಡಂ ತಲೆಯ ಮೇಲೆ ಕೂತಿತ್ತು. ಅದನ್ನು ನಾನು ತಿಳಿಯದವಳಲ್ಲ. ಆದರೆ ಆ ಭಯದಲ್ಲಿ ಆಕೆ ಮಾಡಿದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮನ್ನು ಒಂದು ತರಬೇತಿಗೆ ಕಳಿಸಿದರು. ತರಬೇತಿ ಎಂದರೆ ಸಹಿ, ಬೋಂಡಾ, ಕಾಫಿ, ಮಧ್ಯಾಹ್ನದ ಮೇಲೆ ತೂಕಡಿಕೆ ಎಂದು ಹೋದವಳು ನಾನು. ಅಲ್ಲಿ ಪಾಠ ಹೇಳಲು ಬಂದ ಹೆಂಗಸು ಬಂದವಳೇ ಒಂದು ಪ್ರಶ್ನೆ ಕೇಳಿದಳು.

'ನಿಮ್ಮ ಕ್ಲಾಸಿನ ಮಗೂಗೆ ಓದಕ್ಕೆ ಬರತ್ತೆ ಅಂತ ನಿಮಗೆ ಹೇಗೆ ಗೊತ್ತು?'

'ಓದಿಸಿ ನೋಡ್ತೀವಿ' ಎಂದೆವು.

'ಯಾವ ಪುಟ ಓದಿಸ್ತೀರಾ?'

'ಮಾಡಿರೋ ಪಾಠ ಮೇಡಂ. ಮಾಡದೆ ಇರೋ ಪಾಠ ಹೇಗೆ ಕೇಳಕ್ಕಾಗತ್ತೆ?'

ಆಕೆ ನಕ್ಕುಬಿಟ್ಟಳು. ಕೇಳಿ ಕೇಳಿ ಬಾಯಿಗೆ ಬಂದದ್ದನ್ನು ಒಪ್ಪಿಸುವುದು ಬೇರೆ, ಕಣ್ಣಿಗೆ ಬಿದ್ದ ಅಕ್ಷರದಿಂದ ಸದ್ದು ಕೂಡಿಸಿ ಮಾತು ಮಾಡುವುದು ಬೇರೆ ಎಂದಳು. ಅದಕ್ಕೊಂದು ಕ್ರಮ ತೋರಿಸಿದಳು. ಐವತ್ತು ಚಿಲ್ಲರೆ ಅಕ್ಷರಗಳ ಮಾಲೆಯನ್ನು ಮಗುವಿನ ಕೊರಳಿಗೆ ಮೊದಲೇ ಹಾಕಬೇಡಿ. ರ, ಗ, ಸ, ದ, ಅ, ಇಷ್ಟರಿಂದ ಶುರು ಮಾಡಿ. ಇಷ್ಟು ಬಂದರೆ ಸರ, ಅರಸ, ಅಗಸ ಎಂದು ಆ ವಾರವೇ ಪದ ಕಟ್ಟಬಹುದು. ಆಮೇಲೆ ಇನ್ನಷ್ಟು ಅಕ್ಷರ, ಆಮೇಲೆ ಕಾಗುಣಿತ, ಕೊನೆಗೆ ಒತ್ತು. ಮಗು ಓದುತ್ತಿದೆಯೋ ಇಲ್ಲವೋ ನೋಡಬೇಕಾದರೆ ಎಲ್ಲೂ ಇಲ್ಲದ ಪದ ಬರೆದು ತೋರಿಸಿ, ಅರ್ಥವಿಲ್ಲದಿದ್ದರೂ ಪರವಾಗಿಲ್ಲ, ಅದು ನೆನಪಿನಿಂದ ಬರಲು ಸಾಧ್ಯವೇ ಇಲ್ಲವಲ್ಲ. 'ನನ್ನ ಮಾತು ನಂಬಬೇಡಿ. ನಿಮ್ಮ ಕ್ಲಾಸಲ್ಲಿ ಮಾಡಿ, ಪಕ್ಕದ ಕ್ಲಾಸಿನ ಜೊತೆ ಇಟ್ಟು ನೋಡಿ' ಎಂದಳು. ಈ ಮಾತು ನನಗೆ ಹಿಡಿಸಿತು. ನಂಬಿ ನಂಬಿ ಎನ್ನುವವರನ್ನೇ ಕಂಡಿದ್ದೆ.

ಹಾಗೇ ಮಾಡಿದೆ. ಒಂದನೇ ಕ್ಲಾಸಿನಲ್ಲಿ ಎರಡು ವಿಭಾಗ. ನನ್ನ ಮಕ್ಕಳು ರಗಸದ ಎಂದು ಹೊರಟರೆ, ಪಕ್ಕದ ಟೀಚರ ಮಕ್ಕಳು ಅಆಇಈ ಎಂದು ಸೂರು ಹಾರುವ ಹಾಗೆ ಹಾಡುತ್ತಿದ್ದರು. ದಸರಾ ರಜೆ ಕಳೆದ ಮೇಲೆ ನಾವಿಬ್ಬರೂ ಸೇರಿ ಬೋರ್ಡಿನ ಮೇಲೆ 'ಗಸರ', 'ದರಗ', 'ಅಗದ' ಎಂದು ಬಾಯಿಗೆ ಬಂದದ್ದು ಬರೆದೆವು. ನನ್ನವರು ತಡವರಿಸಿದರು, ನಕ್ಕರು, ಬಹುತೇಕ ಎಲ್ಲರೂ ಓದಿದರು. ಅವರ ಮಕ್ಕಳು ಗೋಡೆಯ ಮೇಲಿನ ಚಿತ್ರಗಳ ಕಡೆ ನೋಡಿದರು. ಗಸರಕ್ಕೆ ಎಲ್ಲಿಯ ಚಿತ್ರ? ಪಕ್ಕದ ಟೀಚರು ಒಳ್ಳೆಯವರು, ಹಣೆ ಚಚ್ಚಿಕೊಂಡು 'ಅಯ್ಯೋ, ನಮ್ಮೋರು ಬರೀ ಹಾಡ್ತಾರೆ ಅಷ್ಟೇ ಕಣ್ರೀ' ಎಂದರು. ಮಾರನೆಯ ವಾರದಿಂದ ಅವರೂ ನನ್ನ ದಾರಿಗೆ ಬಂದರು.

ಎಚ್.ಎಂ. ಮೇಡಂ ಬರಲಿಲ್ಲ. ಯಾರೋ ತಾಯಿ ಹೋಗಿ, ಪಕ್ಕದ ಮನೆ ಮಗು ಅಕ್ಷರಮಾಲೆ ಪೂರ್ತಿ ಹೇಳುತ್ತದೆ, ನಮ್ಮದು ರ ಗ ಸ ಎಂದು ಕೂತಿರುತ್ತದೆ ಎಂದು ದೂರು ಕೊಟ್ಟಿದ್ದಳು. ನನ್ನನ್ನು ಕರೆಸಿದರು.

'ಅರ್ಥ ಇಲ್ದಿರೋ ಪದ ಎಲ್ಲಾ ಬೋರ್ಡ್ ಮೇಲೆ ಬರೀತೀರಂತೆ? ಅರ್ಥ ಇರೋದೇ ಮಕ್ಕಳಿಗೆ ಬರಲ್ಲ, ನಿಮ್ದೊಂದು.'

'ಅದು ಪರೀಕ್ಷೆಗೆ ಮೇಡಂ.'

'ಯಾವ ಪರೀಕ್ಷೇಲಿ ಕೇಳ್ತಾರೆ ತೋರ್ಸಿ ನೋಡೋಣ!'

ವಾಪಸ್ಸು ಬಂದೆ, ಕ್ಲಾಸಿನ ಬಾಗಿಲು ಹಾಕಿಕೊಂಡು ನನ್ನ ಪಾಡಿಗೆ ನಾನು ಕಲಿಸಿದೆ. ಆ ಮಟ್ಟಿಗೆ ಬಾಗಿಲು ಒಳ್ಳೆಯ ವಸ್ತು.

ಇಷ್ಟರಲ್ಲಿ ಐದನೇ ಕ್ಲಾಸಿಗೆ ಒಬ್ಬಳು ಹುಡುಗಿ ಬಂದಿದ್ದಳು. ಬಾಗಲಕೋಟೆ ಕಡೆಯವರು. ಅಪ್ಪ ಕಟ್ಟಡದ ವಾಚ್‌ಮನ್. ಕಟ್ಟಡ ಏಳುವಷ್ಟು ಕಾಲ ಅದರ ಮುಂದಿನ ಶೀಟಿನ ಶೆಡ್ಡಿನಲ್ಲಿ ಸಂಸಾರ. ಕಟ್ಟಡ ಮುಗಿದು ಮಾಲೀಕರು ಹಾಲುಕ್ಕಿಸಿದರೆ ಇವರು ಪಾತ್ರೆ ಪಗಡ ಕಟ್ಟಿಕೊಂಡು ಮುಂದಿನ ಕಟ್ಟಡಕ್ಕೆ. ಹಾಗೆ ಬನಶಂಕರಿ, ಜೆ.ಪಿ. ನಗರ ಎಲ್ಲ ಸುತ್ತಿ ಬಿಟಿಎಮ್ಮಿಗೆ ಬಂದಿದ್ದರು, ಪ್ರತಿ ಕಡೆಯೂ ಹುಡುಗಿಗೆ ಒಂದು ಹೊಸ ಶಾಲೆ. ಎಲ್ಲೂ ಯಾರೂ ಅವಳನ್ನು ಕೂರಿಸಿಕೊಂಡು ಅಕ್ಷರ ಕೂಡಿಸಲಿಲ್ಲ. ಆದರೆ ಆ ಹುಡುಗಿಯ ನೆನಪಿನ ಶಕ್ತಿ, ಅಬ್ಬಾ! ಪಾಠವನ್ನು ಎರಡು ಸಲ ಕೇಳಿಸಿಕೊಂಡರೆ ಅರೆದು ಕುಡಿದ ಹಾಗೆ. ದನಿಯೋ ಗಂಟೆಯಂಥದ್ದು. ಪುಸ್ತಕ ಹಿಡಿದು ನಿಂತು, ಸಾಲಿನ ಮೇಲೆ ಬೆರಳು ಸರಿಸುತ್ತಾ ಗಡಗಡ ಓದುತ್ತಿದ್ದಳು. ಎಚ್.ಎಂ. ಮೇಡಂ ಶಾಲೆಗೆ ಯಾರು ಬಂದರೂ ಅವಳನ್ನೇ ಕರೆಸುತ್ತಿದ್ದರು. 'ನಮ್ಮ ಶಾಲೆ ಸರಸ್ವತಿ' ಎನ್ನುತ್ತಿದ್ದರು.

ಒಂದು ದಿನ ಐದನೇ ಕ್ಲಾಸಿನ ಮೇಷ್ಟ್ರು ಮತದಾರರ ಪಟ್ಟಿಯ ಕೆಲಸಕ್ಕೆ ಹೋಗಿದ್ದರಿಂದ ಆ ಮಕ್ಕಳನ್ನೂ ನಾನೇ ನೋಡಿಕೊಳ್ಳಬೇಕಾಯಿತು. ಅವಳಿಗೆ ಓದು ಎಂದೆ. ಶುರು ಮಾಡಿದಳು, ಊರಿನ ಕೆರೆಯ ಬಗ್ಗೆ ಒಂದು ಪಾಠ. ಪುಟ ತಿರುಗಿಸುವಾಗ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ನಾನು ಹತ್ತಿರದಲ್ಲೇ ನಿಂತಿದ್ದೆ. ಎದುರಿಗೆ ಬಂದದ್ದು ಮುಂದಿನ ಪದ್ಯ. ಹುಡುಗಿ ನಿಲ್ಲಲೇ ಇಲ್ಲ. ಬೆರಳು ಪದ್ಯದ ಮೇಲೆ, ಬಾಯಿ ಕೆರೆಯ ಏರಿಯ ಮೇಲೆ. ಒಂದಕ್ಷರ ತಪ್ಪದೆ ಪಾಠ ಮುಗಿಸಿ ತಲೆ ಎತ್ತಿ ನಕ್ಕಳು.

ಮಕ್ಕಳೆಲ್ಲ ಊಟಕ್ಕೆ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ಬೋರ್ಡಿನ ಮೇಲೆ 'ಗಸರ' ಎಂದು ಬರೆದೆ. ನೋಡಿದಳು.

'ಇದು ಯಾವ ಪಾಠದಲ್ಲಿದೆ ಮಿಸ್?'

ಯಾವ ಪಾಠದಲ್ಲೂ ಇಲ್ಲ ಎಂದು ಅದನ್ನು ಅಳಿಸಿ 'ರೊಟ್ಟಿ' ಎಂದು ಬರೆದೆ. ದಿನಾ ತಿನ್ನುವ ರೊಟ್ಟಿ, ಆ ಹೊತ್ತಿನಲ್ಲಿ ಅವಳ ಡಬ್ಬಿಯಲ್ಲೇ ಇದ್ದ ರೊಟ್ಟಿ.

'ಇದು ಯಾವ ಪಾಠ ಮಿಸ್?'

ಹಾಗಾದರೆ ಬರವಣಿಗೆ ಹೇಗೆ? ಅವಳ ಅಕ್ಷರ ಇಡೀ ಶಾಲೆಯಲ್ಲೇ ಮುದ್ದಾದದ್ದು. ಬರೆ ಎಂದೆ. ಆಗ ಕಂಡಿತು, ರಂಗೋಲಿ ಹಾಕುವವರ ಹಾಗೆ ಬರೆಯುತ್ತಿದ್ದಳು. ಒಂದೊಂದು ಅಕ್ಷರವನ್ನೂ ಕೆಳಗಿನಿಂದಲೋ ಮಗ್ಗುಲಿನಿಂದಲೋ ಹಿಡಿದು ಚಿತ್ರ ತೆಗೆಯುತ್ತಿದ್ದಳು. ಕಾಪಿ ಬರೆದು ಬರೆದು ಕೈಗೆ ಕೂತ ಚಿತ್ರಗಳು ಅವು. ಪಾಠದ ನಡುವಿನ 'ನೀರು' ಎನ್ನುವ ಒಂದು ಪದ ಬರೆ ಎಂದರೆ, ಪಾಠದ ಮೊದಲ ಸಾಲಿನಿಂದ ಹೊರಟು ಅಲ್ಲಿಗೆ ಬರಬೇಕಿತ್ತು. ನಡುವಿನಿಂದ ಎತ್ತಿಕೊಡಲು ಬರುತ್ತಿರಲಿಲ್ಲ.

'ನಂಗೆ ಬರಂಗಿಲ್ಲಂತ ಯಾರಿಗೂ ಹೇಳಬ್ಯಾಡ್ರಿ ಮಿಸ್' ಎಂದಳು. ಹೆದರಿದಾಗ, ಮೈಮರೆತಾಗ ಮಾತ್ರ ಅವಳ ಊರ ಮಾತು ಬರುತ್ತಿತ್ತು. ಅಂದರೆ ಅವಳಿಗೆ ಗೊತ್ತಿತ್ತು. ಉಳಿದವರೆಲ್ಲ ಪುಟ ನೋಡಿ ಏನನ್ನೋ ಕಾಣುತ್ತಾರೆ, ತನಗೆ ಅದು ಕಾಣುವುದಿಲ್ಲ ಎಂದು ಅವಳು ಒಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದಳು. ಹತ್ತು ವರ್ಷದ ಮಗು.

ಮಾರನೆಯ ದಿನದಿಂದ ಊಟದ ಹೊತ್ತಿನಲ್ಲಿ ನನ್ನ ಕ್ಲಾಸಿನಲ್ಲಿ ಕೂರಿಸಿಕೊಂಡೆ. ಸಂಜೆ ಅವಳಿಗೆ ಬಿಡುವಿರಲಿಲ್ಲ, ನೀರು ಹಿಡಿಯಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ಸಣ್ಣ ಮಕ್ಕಳ ಜೊತೆ ರ ಗ ಸ ಎಂದು ಮೊದಲಿನಿಂದ. ನಾಚಿಕೆಗೆ ಮುದುಡಿ ಕೂರುತ್ತಿದ್ದಳು. ಕೆಲವೇ ದಿನಗಳಲ್ಲಿ ಒಮ್ಮೆ 'ಗರಗಸ' ಎಂದು ಬರೆದೆ. ಗ, ರ, ಎಂದು ಬಿಡಿಬಿಡಿಯಾಗಿ ಹಿಡಿದಳು, ಮತ್ತೆ ಹಿಡಿದಳು, ತುಟಿ ಅಲ್ಲಾಡಿಸುತ್ತಾ ಕೂಡಿಸಿದಳು. ಆಮೇಲೆ ಕೂಗಿದಳು, 'ಗರಗಸ! ಗರಗಸ ಮಿಸ್! ನಮ್ಮನೆ ಹತ್ರ ಐತಿ, ಬಡಿಗ್ಯಾರದು!' ಯಾವ ಪಾಠ ಎಂದು ಕೇಳಲಿಲ್ಲ. ನನ್ನ ಸೀರೆ ಸೆರಗು ಹಿಡಿದುಕೊಂಡು ಕುಣಿದಳು. ನಾನೂ ನಕ್ಕೆ, ಅತ್ತೆ, ಎರಡೂ ಒಟ್ಟಿಗೇ ಆಯಿತು.

ಅದೇ ತಿಂಗಳು ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಎಚ್.ಎಂ. ಮೇಡಂ ಹುಡುಗಿಯನ್ನು ಹುಡುಕಿಕೊಂಡು ಬಂದಾಗ ಅವಳು ನನ್ನ ಕ್ಲಾಸಿನಲ್ಲಿ ಚಿಳ್ಳೆಪಿಳ್ಳೆಗಳ ನಡುವೆ ಸ್ಲೇಟು ಹಿಡಿದು ಕೂತಿದ್ದಳು.

'ಇದೇನ್ರೀ ಅವತಾರ? ಐದನೇ ಕ್ಲಾಸಿನ ಮಗೂನ ತಂದು ಒಂದನೇ ಕ್ಲಾಸಲ್ಲಿ ಕೂರ್ಸಿದೀರಾ?'

'ಅವಳಿಗೆ ಓದಕ್ಕೆ ಬರಲ್ಲ ಮೇಡಂ.'

'ಓದಕ್ಕೆ ಬರದೆ ಹಂಗೆ ಒಪ್ಪಿಸ್ತಾಳಾ? ತಮಾಷೆ ಮಾಡ್ತಿದೀರಾ?'

ಆಫೀಸು ರೂಮಿಗೆ ಹೋದೆವು. ಮೇಡಂ ಪುಸ್ತಕ ತೆರೆದು ಕೆರೆಯ ಪಾಠ ಓದಿಸಿದರು. ಹುಡುಗಿ ಗಡಗಡ ಒಪ್ಪಿಸಿದಳು. 'ನೋಡಿ!' ಎಂದರು. ನಾನು ಪುಸ್ತಕ ಕಿತ್ತುಕೊಂಡು ಕೊನೆಯ ಪಾಠ ತೆಗೆದು ಕೊಟ್ಟೆ. ಹುಡುಗಿ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಮೇಡಂಗೆ ನಿಜವಾಗಿಯೂ ಸಿಟ್ಟು ಬಂತು.

'ಅದು ಮಾಡಿಲ್ಲ ಕಣ್ರೀ ಇನ್ನೂ! ಮಾಡದೆ ಇರೋ ಪಾಠ ಕೇಳಿದ್ರೆ ಮಗು ಹೇಗೆ ಓದತ್ತೆ? ಬೇಕೂಂತ್ಲೇ ಅವಮಾನ ಮಾಡ್ತೀರಲ್ಲ, ನಿಮಗೆ ಮನುಷ್ಯತ್ವ ಇದೆಯಾ?'

ನಾನು ಕೂಗಾಡಿದೆ, ಬಾಯಿಗೆ ಬಂದದ್ದು ಅಂದೆ. ಮಾಡದ ಪಾಠ ಓದಲು ಬರದಿದ್ದರೆ ಶಾಲೆ ಯಾಕೆ ಬೇಕು, ಹಾಡಿನ ಕ್ಯಾಸೆಟ್ ಸಾಕಲ್ಲ ಅಂದೆ. ಏನು ಅಂದರೂ ಅಷ್ಟೇ. ಮೂವತ್ತು ವರ್ಷ ಪಾಠ ಮಾಡಿದ ಹೆಂಗಸು ಆಕೆ, ಸುಳ್ಳು ಹೇಳುತ್ತಿರಲಿಲ್ಲ. ಆಕೆಗೆ ಓದು ಎಂದರೆ ಅದೇ. ಮೊದಲು ಟೀಚರು 'ಮಾಡಬೇಕು', ಆಮೇಲೆ ಮಗು ಒಪ್ಪಿಸಬೇಕು. ಕಳ್ಳಿಯಾಗಿದ್ದರೆ ಬಡಿದಾಡಬಹುದಿತ್ತು. ಹೀಗೆ ನಂಬಿಕೊಂಡು ಕೂತವರ ಹತ್ತಿರ ಏನು ಮಾಡುವುದು?

ಊಟದ ಹೊತ್ತಿನ ಪಾಠ ಅಲ್ಲಿಗೆ ನಿಂತಿತು. ಸಾಹೇಬರು ಬಂದರು. ಹುಡುಗಿ ನಿಂತಳು, ಗಂಟೆ ಬಾರಿಸಿದ ಹಾಗೆ ಒಪ್ಪಿಸಿದಳು. ಸಾಹೇಬರು 'ಶಹಭಾಷ್!' ಎಂದರು. ನಾನು ಮುಂದೆ ಹೋಗಿ, 'ಸಾರ್, ಒಂದು ನಿಮಿಷ, ನಿಮ್ಮ ಕೈಲಿರೋ ಪೇಪರಿನ ಒಂದು ಸಾಲು ಓದಿಸಿ ನೋಡಿ' ಎಂದೆ. ಅವರು ಗಡಿಯಾರ ನೋಡಿಕೊಂಡರು. 'ಚಿಕ್ಕ ಮಕ್ಕಳಿಗೆ ಪೇಪರೆಲ್ಲಾ ಯಾಕಮ್ಮಾ' ಎಂದು ನಕ್ಕು ಕಾಫಿಗೆ ಹೋದರು. ಹೋಗುವಾಗ, ಇಂಥ ಮಗುವನ್ನು ಸರ್ಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಿಸಿ, ಖಂಡಿತ ಸಿಗುತ್ತದೆ ಎಂದು ಹೇಳಿಹೋದರು.

ವಸತಿ ಶಾಲೆ ಎಂದರೆ ಊಟ, ಬಟ್ಟೆ, ಹಾಸಿಗೆ, ಹತ್ತನೇ ಕ್ಲಾಸಿನವರೆಗೆ ಒಂದೇ ಕಡೆ. ಇದನ್ನು ಕೇಳಿದಾಗಿನಿಂದ ಆ ಅಪ್ಪನ ಮುಖವೇ ಬೇರೆಯಾಯಿತು. ಶಾಲೆ ಗೇಟಿನ ಹತ್ತಿರ ನನ್ನನ್ನು ಕಂಡು ಕೈ ಮುಗಿದ. ಅವರ ಕಡೆ ಟೀಚರೆಂದರೆ ಅಕ್ಕಾರು, ಎಚ್.ಎಂ. ಎಂದರೆ ದೊಡ್ಡಕ್ಕಾರು.

'ಅಕ್ಕಾರ, ಈ ಬಿಲ್ಡಿಂಗೂ ಮುಗಿಯಾಕ ಬಂತ್ರಿ. ಮತ್ತ ಎಲ್ಲಿಗೋ ಏನೋ. ಇಕಿ ಅಲ್ಲಿ ಸೇರಿದ್ಲಂದ್ರ ಒಂದ ಕಡೆ ನಿಂತು ಸಾಲಿ ಕಲೀತಾಳ. ನಮ್ಮಂಗ ಗಂಟು ಹೊತ್ತು ತಿರುಗೂದು ತಪ್ಪತೈತಿ.'

ನಾನು ಮುಚ್ಚುಮರೆ ಇಲ್ಲದೆ ಹೇಳಿದೆ. ನಿಮ್ಮ ಮಗಳು ಬುದ್ಧಿವಂತೆ, ಆದರೆ ಅವಳಿಗೆ ಓದಲು ಬರುವುದಿಲ್ಲ, ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಉತ್ತರ ಬರೆಯಬೇಕು, ಈಗಿನಿಂದ ಭಾನುವಾರಗಳಲ್ಲಿ ನನ್ನ ಮನೆಗೆ ಕಳಿಸಿ, ನಾನು ಕಲಿಸುತ್ತೇನೆ, ಈ ವರ್ಷ ಬಿಟ್ಟು ಬೇರೆ ದಾರಿ ನೋಡೋಣ ಎಂದೆ. ಅವನ ಮುಖ ಸಣ್ಣಗಾಯಿತು.

'ನಾ ಹೆಬ್ಬಟ್ಟು ಒತ್ತಾಂವ್ರಿ, ನಂಗೇನ್ ತಿಳೀತೈತಿ. ದೊಡ್ಡಕ್ಕಾರು ಶಾಣ್ಯಾಕಿ ಅಂದಾರ, ಸಾಹೇಬ್ರು ಬೆನ್ನು ತಟ್ಟ್ಯಾರ. ನೀವೊಬ್ರ ಬರಂಗಿಲ್ಲ ಅಂತೀರಿ. ಬಡವರ ಕೂಸು ಮ್ಯಾಲೆ ಬರೂದು ಬ್ಯಾಡೇನ್ರಿ?'

ಈ ಮಾತು ನನಗೆ ಚೂರಿ ಹಾಕಿದ ಹಾಗಾಯಿತು. ಸಿಟ್ಟು ಅವನ ಮೇಲಲ್ಲ, ಅವನಿಗೆ ಯಾರು ಸರಿಯಾಗಿ ಹೇಳಿದ್ದರು? ಅವನು ಹೋಗಿ ಮೇಡಂಗೆ ಹೇಳಿದ. ಮುಂದಿನ ವಾರ ಮಕ್ಕಳ ಗಣತಿ ಕೆಲಸಕ್ಕೆ ನನ್ನನ್ನೂ ಪಕ್ಕದ ಟೀಚರನ್ನೂ ಹಾಕಿದರು. ನಾನು ಕುಮಾರಸ್ವಾಮಿ ಲೇಔಟಿನ ಏರು ಹತ್ತಿ ಇಳಿದು, ಮನೆ ಮನೆಯ ಗೇಟು ಬಡಿದು, 'ನಿಮ್ಮನೇಲಿ ಶಾಲೆ ಬಿಟ್ಟ ಮಕ್ಕಳು ಇದಾರಾ ಆಂಟಿ?' ಎಂದು ಕೇಳುತ್ತಾ ತಿರುಗಿದೆ. ಶಾಲೆಗೆ ಹೋಗಿಯೂ ಓದದ ಮಕ್ಕಳನ್ನು ಬರೆದುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಅತ್ತ ಎಚ್.ಎಂ. ಮೇಡಂ ತಾವೇ ಹುಡುಗಿಯನ್ನು ಕೂರಿಸಿಕೊಂಡು ಪರೀಕ್ಷೆಗೆ ತಯಾರು ಮಾಡಿದರು ಎಂದು ಆಮೇಲೆ ಗೊತ್ತಾಯಿತು. ಪ್ರೀತಿಯಿಂದಲೇ ಮಾಡಿದರಂತೆ, ಮನೆಯಿಂದ ಉಪ್ಪಿಟ್ಟು ತಂದು ಕೊಟ್ಟು, ಪ್ರಬಂಧಗಳನ್ನು ಉರು ಹೊಡೆಸಿದರಂತೆ. ಕೆರೆ, ಹಸು, ರಾಷ್ಟ್ರಧ್ವಜ.

ಪರೀಕ್ಷೆ ಜಯನಗರದ ಒಂದು ಹೈಸ್ಕೂಲಿನಲ್ಲಿ, ಭಾನುವಾರ. ಸೋಮವಾರ ನಾನು ಶಾಲೆಗೆ ವಾಪಸ್ಸು ಬಂದೆ. ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅಪ್ಪ ಮಗಳು ಇಬ್ಬರೂ ಬಂದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಕೈಯಲ್ಲಿ ಪೇಡೆ ಡಬ್ಬಿ. ಮೇಡಂ ಇನ್ನೂ ಬಂದಿರಲಿಲ್ಲ. ಮನಸ್ಸಿನ ಕಹಿ ಮರೆತವನಂತೆ ನನ್ನ ಹತ್ತಿರವೇ ಬಂದ.

'ಅಕ್ಕಾರ, ಬಾಯಿ ಸಿಹಿ ಮಾಡ್ಕೋರಿ. ಕೊಟ್ಟ ಹಾಳಿ ಎಲ್ಲಾ ತುಂಬಿಸ್ಯಾಳಂತ್ರಿ. ಒಂದೂ ಖಾಲಿ ಬಿಟ್ಟಿಲ್ಲ! ಬಾಜೂಕ ಕುಂತ ಹುಡುಗರು ಪೆನ್ನು ಕಚ್ಕೋತ ಕುಂತಿದ್ರಂತ, ಇಕಿ ತಲೀ ಎತ್ತಿಲ್ರಿ.'

ಪೇಡೆ ಕೈಯಲ್ಲೇ ಹಿಡಿದುಕೊಂಡು ಹುಡುಗಿಯನ್ನು ಕೇಳಿದೆ, 'ಏನು ಬರೆದೆ ಪುಟ್ಟಾ?'

'ಕೆರೆ ಬರೆದೆ ಮಿಸ್. ಆಮೇಲೆ ಹಸು. ಆಮೇಲೆ ರಾಷ್ಟ್ರಧ್ವಜ. ಪೂರ್ತಿ ಬರೆದೆ, ಒಂದೂ ತಪ್ಪಿಲ್ಲ.'

ಅಪ್ಪ ಜೇಬಿನಿಂದ ಮಡಿಸಿದ ಪ್ರಶ್ನೆಪತ್ರಿಕೆ ತೆಗೆದು ಕೊಟ್ಟ. ನೋಡಿದೆ. ಮೊದಲನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ: 'ನಿಮ್ಮ ಮನೆಯ ಸುತ್ತಮುತ್ತ ದಿನವೂ ಏನೇನು ನೋಡುತ್ತೀರಿ? ನಿಮ್ಮ ಮಾತಿನಲ್ಲಿ ಬರೆಯಿರಿ.'

ಹುಡುಗಿ ತನ್ನನ್ನೇ ಯಾರೋ ಕೇಳಿದರು ಎನ್ನುವ ಹಾಗೆ ಉತ್ತರ ಹೇಳಲು ಶುರು ಮಾಡಿದಳು. 'ಮರಳಿನ ರಾಶಿ ಐತಿ ಮಿಸ್, ಅದ್ರಾಗ ನಾಯಿ ಮರಿ ಹಾಕೇತಿ, ನಾಲ್ಕು ಮರಿ, ಒಂದು ಕುಂಟ. ಕಾಂಕ್ರೀಟ್ ಕಲಸೋ ಮಷಿನ್ ಐತಿ, ಅದು ತಿರುಗಿದ್ರ ನಮ್ಮವ್ವ ಬೈದಿದ್ದೂ ಕೇಳಸಂಗಿಲ್ಲ. ಮೂರನೇ ಮಹಡಿ ಹತ್ತಿದ್ರ ಇಡೀ ಬೆಂಗಳೂರು ಕಾಣತೈತಿ. ಸಂಜಿಕೆ ಗಾರೆ ಕೆಲಸದವ್ರು ಕೈಕಾಲು ತೊಳೀತಾರ, ಆ ನೀರು ಹಾಲಿನಂಗ ಬೆಳ್ಳಗ ಹರೀತೈತಿ.' ಒಂದೇ ಉಸಿರಿನಲ್ಲಿ, ಯಾರೂ ಮಾಡದ ಪಾಠ. ನಾನು ಕೇಳಿದ ಎಲ್ಲ ಮಕ್ಕಳ ಪ್ರಬಂಧಗಳಲ್ಲಿ ಅಷ್ಟು ಚೆನ್ನಾಗಿದ್ದದ್ದು ಇನ್ನೊಂದಿಲ್ಲ.

'ನೋಡ್ರಿ ಅಕ್ಕಾರ, ಎಲ್ಲಾ ಬರತೈತಿ ಅಕಿಗೆ!' ಎಂದು ಅಪ್ಪ ನಕ್ಕ.

ಹುಡುಗಿ ಮಾತು ನಿಲ್ಲಿಸಿದಳು. ನನ್ನ ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ಅದನ್ನೇ ನೋಡಿದಳು. ತುಟಿ ಅಲ್ಲಾಡಿತು. ಒಂದೆರಡು ಅಕ್ಷರ ಸಿಕ್ಕವೋ ಏನೋ, ಮುಂದೆ ಹೋಗಲಾಗಲಿಲ್ಲ. ಆಮೇಲೆ ಅಪ್ಪನಿಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ ಕೇಳಿದಳು.

'ಇದನ್ನೇ ಕೇಳಿದ್ರಾ ಮಿಸ್? ಇಷ್ಟೇನಾ?'

ಹೂಂ ಎಂದೆ.